34 ಲಕ್ಷ ಇಟ್ಟುಕೊಂಡು ಮಿಲ್ ನೌಕರಿ ಬಿಟ್ಟವರು: ಕಲಬುರಗಿಯ ಒಂದು ಮನೆಯ ಪೂರ್ತಿ ಲೆಕ್ಕ

ಕಲಬುರಗಿಯ ಒಂದು ಸಣ್ಣ ದಾಲ್ ಮಿಲ್‌ನಲ್ಲಿ ಮದುವೆಗೂ ಮೊದಲಿನಿಂದ ಲೆಕ್ಕ ಬರೆಯುತ್ತಿದ್ದ ಒಬ್ಬರು 2025ರ ಏಪ್ರಿಲ್‌ನಲ್ಲಿ ಕೆಲಸ ಬಿಟ್ಟರು. ವಯಸ್ಸು 44. ಕೈಯಲ್ಲಿದ್ದದ್ದು 34.5 ಲಕ್ಷ ರೂಪಾಯಿ. ಸ್ವಂತ ಮನೆ ಇಲ್ಲ, ಪಿಂಚಣಿ ಇಲ್ಲ, ಇಬ್ಬರು ಮಕ್ಕಳು ಇನ್ನೂ ಶಾಲೆಯಲ್ಲಿದ್ದಾರೆ. ಸುದ್ದಿ ಕೇಳಿದ ಬಂಧು ಬಳಗ ಎಲ್ಲರೂ ಅವರಿಗೆ ಬುದ್ಧಿ ಹೇಳಲು ಬಂದರು.

ಈ ಮನೆಯ ಲೆಕ್ಕ ನನಗೆ ಮೊದಲಿನಿಂದ ಗೊತ್ತು. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು ಬೇಡ, ಮಿಲ್ ಹೆಸರೂ ಬೇಡ ಎಂದರು. ನಾನು ಅವರನ್ನು ಕರೆಯುವ ಹಾಗೆ ಅಣ್ಣ, ವೈನಿ (ಅಣ್ಣನ ಹೆಂಡತಿ) ಎಂದೇ ಇಲ್ಲೂ ಬರೆಯುತ್ತೇನೆ.

ಬರೆಯಲು ಕಾರಣ ಇದೆ. ಆರ್ಥಿಕ ಸ್ವಾತಂತ್ರ್ಯ ಅಂದ ಕೂಡಲೇ ಎಲ್ಲರೂ ವರ್ಷದ ಖರ್ಚಿನ 25 ಪಟ್ಟು, 30 ಪಟ್ಟು ಕೂಡಿಸಿದರೆ ನೌಕರಿ ಇಲ್ಲದೆ ಬದುಕಬಹುದು ಅಂತ ಶುರು ಮಾಡುತ್ತಾರೆ. ಆ ಲೆಕ್ಕ ಹಾಕಿದರೆ ಕೋಟಿಯ ಮೇಲೆ ಹೋಗುತ್ತದೆ. ಗಂಜ್‌ನಲ್ಲಿ (ಸಗಟು ಮಾರುಕಟ್ಟೆ) ಕೆಲಸ ಮಾಡುವವರಿಗೆ, ಖಾಸಗಿ ಶಾಲೆಯ ಮೇಡಂಗೆ, ಆಸ್ಪತ್ರೆಯ ನರ್ಸ್‌ಗೆ ಆ ಸಂಖ್ಯೆ ಕೇಳಿದರೇ ಕೈ ಚೆಲ್ಲುವ ಹಾಗಾಗುತ್ತದೆ. ಇದು ನಮ್ಮಂಥವರಿಗಲ್ಲ ಅಂತ ಬಿಟ್ಟುಬಿಡುತ್ತಾರೆ. ಅಣ್ಣನ ಲೆಕ್ಕ ಬೇರೆ ದಾರಿಯಲ್ಲಿ ಹೋಯಿತು. ಪೂರ್ತಿ ಖರ್ಚಿನ 30 ಪಟ್ಟು ಕೂಡಿಸುವ ಮೊದಲೇ, ಖರ್ಚಿಗೂ ಸ್ವಂತ ದುಡಿಮೆಗೂ ನಡುವೆ ಎಷ್ಟು ಕಡಿಮೆ ಬೀಳುತ್ತದೋ ಅದರ 30 ಪಟ್ಟು ಕೂಡಿಸಿದರು. ಅಷ್ಟಕ್ಕೇ ಮಾಲೀಕನ ಹಂಗು ತಪ್ಪಿತು. ಇದರಲ್ಲಿ ಅಪಾಯಗಳೂ ಇವೆ, ಅದನ್ನೂ ಪೂರ್ತಿ ಬರೆಯುತ್ತೇನೆ.

ಮನೆ ಮತ್ತು ಪಗಾರ

ಮದುವೆ 2010ರಲ್ಲಿ. ಅಣ್ಣ ಬಿ.ಕಾಂ., ಊರು ಸೇಡಂ ತಾಲ್ಲೂಕಿನ ಒಂದು ಹಳ್ಳಿ. ಆಗ ಪಗಾರ 11,000. ಬ್ರಹ್ಮಪುರದಲ್ಲಿ 1,500 ರೂಪಾಯಿ ಬಾಡಿಗೆಗೆ ಎರಡು ಖೋಲಿಯ ಮನೆ. ಮಿಲ್‌ನಲ್ಲಿ 20 ಜನರಿಗಿಂತ ಕಡಿಮೆ ಕೆಲಸಗಾರರು, ಹಾಗಾಗಿ ಪಿಎಫ್ ಇಲ್ಲ. ಮುಪ್ಪಿನ ಕಾಲಕ್ಕೆ ಏನು ಮಾಡಿದರೂ ತಾವೇ ಮಾಡಿಕೊಳ್ಳಬೇಕು ಅನ್ನುವುದು ಅವರಿಗೆ ಮೊದಲ ದಿನದಿಂದ ಗೊತ್ತಿತ್ತು. ಸರ್ಕಾರಿ ನೌಕರಿ ಇರುವವರು ಈ ವಿಷಯವನ್ನು ನಲವತ್ತು ದಾಟಿದ ಮೇಲೆ ಯೋಚಿಸಿದರೂ ನಡೆಯುತ್ತದೆ, ಇವರಿಗೆ ನಡೆಯುತ್ತಿರಲಿಲ್ಲ.

ವೈನಿ ಮದುವೆಗೆ ಮುಂಚೆಯೇ ಹೊಲಿಗೆ ಕಲಿತಿದ್ದರು. ಓಣಿಯ ಹೆಂಗಸರು ತಿಂಗಳಿಗೆ 1,000ದಂತೆ 20 ಜನ ಸೇರಿ ಭಿಶಿ (ಚೀಟಿ) ಹಾಕಿದ್ದರು. ವೈನಿ ನಾಲ್ಕನೇ ತಿಂಗಳಿಗೇ ಎತ್ತಿದರು, ಕೈಗೆ 17,000 ಬಂತು. ಮೊದಲೇ ಎತ್ತಿದ್ದಕ್ಕೆ 3,000 ಹೋಯಿತು. ಆ ದುಡ್ಡಿನಲ್ಲಿ ಮೋಟಾರ್ ಇರುವ ಹೊಲಿಗೆ ಯಂತ್ರ ಮತ್ತು ಸೀರೆಗೆ ಪೀಕೊ ಹಾಕುವ ಒಂದು ಹಳೆಯ ಯಂತ್ರ ತಂದರು. ಚೀಟಿ ಹಣದಲ್ಲಿ ಟಿವಿ, ಫ್ರಿಜ್ ತಂದವರು ಬೇಕಾದಷ್ಟಿದ್ದಾರೆ. ಇವರು ದುಡಿಯುವ ವಸ್ತು ತಂದರು. ಇವತ್ತಿಗೂ ಈ ಮನೆಯ ಅತ್ಯುತ್ತಮ ಹೂಡಿಕೆ ಯಾವುದು ಅಂತ ಕೇಳಿದರೆ ನಾನು ಆ ಪೀಕೊ ಯಂತ್ರವನ್ನೇ ತೋರಿಸುತ್ತೇನೆ. ಮದುವೆ ಸೀಸನ್‌ನಲ್ಲಿ ಪೀಕೊ ಫಾಲ್‌ಗೆ ಬಂದ ಸೀರೆಗಳ ಜೊತೆಗೇ ಲೈನಿಂಗ್ ಬ್ಲೌಸ್ ಕೂಡ ಬರುತ್ತವೆ. ಹೊಲಿಗೆಯಿಂದ ಈಗ ತಿಂಗಳಿಗೆ ಸರಾಸರಿ 12,000 ಬರುತ್ತದೆ.

ಇನ್ನೊಂದು ದೊಡ್ಡ ತಿರುವು 2017ರ ಜುಲೈ 1. ಅವತ್ತು ಜಿಎಸ್‌ಟಿ ಬಂತು. ಗಂಜ್‌ನ ಸಣ್ಣ ವ್ಯಾಪಾರಿಗಳು, ಕಿರಾಣಿಯವರು, ಹಾರ್ಡ್‌ವೇರ್ ಅಂಗಡಿಯವರು ಕಂಗಾಲಾದರು. ಪ್ರತಿ ತಿಂಗಳು ರಿಟರ್ನ್ ಹಾಕುವುದು ಅವರಿಗೆ ತಿಳಿಯದು, ಪ್ರತಿ ಸಲ ದೊಡ್ಡ ಆಡಿಟರ್ ಹತ್ತಿರ ಹೋಗುವುದು ಕೈಗೆ ಎಟಕದು. ಅಣ್ಣ ಮಿಲ್‌ನ ರಿಟರ್ನ್ ತಾವೇ ಹಾಕುತ್ತಿದ್ದರು, ಕೆಲಸ ಬಾಯಿಪಾಠ ಆಗಿತ್ತು. ಸಂಜೆ ಏಳರ ಮೇಲೆ ಅಂಗಡಿಯವರಿಗೆ ಮಾಡಿಕೊಡಲು ಶುರು ಮಾಡಿದರು. ಮೊದಲು ಐದಾರು ಜನ. ಮಿಲ್ ಬಿಡುವ ಹೊತ್ತಿಗೆ 22 ಅಂಗಡಿ. ಒಬ್ಬೊಬ್ಬರಿಂದ ತಿಂಗಳಿಗೆ 600ರಿಂದ 1,000. ಒಟ್ಟು ಹತ್ತಿರ ಹತ್ತಿರ 18,000. ತಿಂಗಳ 11ಕ್ಕೆ ಮಾರಾಟದ ರಿಟರ್ನ್, 20ಕ್ಕೆ ತೆರಿಗೆ ಕಟ್ಟುವ ರಿಟರ್ನ್ ಆದ 3ಬಿ, ಅದಕ್ಕೆ ಮುಂಚಿನ ಮೂರ್ನಾಲ್ಕು ದಿನ ಭಾರಿ ಗಡಿಬಿಡಿ, ಉಳಿದ ದಿನ ಅಷ್ಟಿಲ್ಲ. ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವ ಪದ್ಧತಿ 2021ರಲ್ಲಿ ಬಂದ ಮೇಲೆ ಕೆಲವು ಅಂಗಡಿಗಳ ಕೆಲಸ ಹಗುರಾಯಿತು, ಅದೇ ಸಮಯದಲ್ಲಿ ಹೊಸ ಅಂಗಡಿಗಳನ್ನು ಹಿಡಿಯಲು ಆಯಿತು.

ಕೆಲಸ ಬಿಡುವ ಹೊತ್ತಿಗೆ ಮಿಲ್ ಪಗಾರ 38,000. ಮೂರೂ ಸೇರಿ 68,000.

ಖರ್ಚು ಎಲ್ಲಿ ಕಡಿಮೆ, ಎಲ್ಲಿ ಅಲ್ಲ

ತಿಂಗಳ ಖರ್ಚು 38,000. ಇದರಲ್ಲಿ ಬಾಡಿಗೆ 7,000, ಈಗ ಶಹಾಬಜಾರ ಕಡೆ ಇದ್ದಾರೆ. ಕಿರಾಣಿ, ಹಾಲು, ಕಾಯಿಪಲ್ಲೆ 8,500. ಮಕ್ಕಳ ಶಾಲೆಯ ಫೀಸು ವರ್ಷಕ್ಕೆ 70,000 ಆಗುತ್ತದೆ, ತಿಂಗಳಿಗೆ ಹಂಚಿದರೆ 5,800. ಗ್ಯಾಸ್, ಮೊಬೈಲ್ 1,800. ಪೆಟ್ರೋಲ್ 2,000. ಆರೋಗ್ಯ ವಿಮೆ, ಔಷಧಿ 3,500. ಊರಲ್ಲಿರುವ ಅಪ್ಪ ಅವ್ವನಿಗೆ 4,000. ಬಟ್ಟೆ, ಜಾತ್ರೆ, ಆಯೇರಿಗೆ (ಮದುವೆ ಮೊದಲಾದವಕ್ಕೆ ಹಾಕುವ ಉಡುಗೊರೆ) 3,500. ಮಿಕ್ಕಿದ್ದು ಬಿಡಿ ಖರ್ಚು, 1,900.

ನಮ್ಮ ಕಡೆಯವರಿಗೆ ಗೊತ್ತಿರುವ ಹಳೆಯ ಉಳಿತಾಯದ ಕ್ರಮ ಇಲ್ಲಿ ಹಾಗೇ ಇದೆ. ವರ್ಷದ ಜೋಳ ಫೆಬ್ರವರಿ ಮಾರ್ಚ್‌ನಲ್ಲಿ ರಾಶಿ ಆದ ಮೇಲೆ ಊರಿನಿಂದಲೇ ಬರುತ್ತದೆ, ಬೇವಿನ ಸೊಪ್ಪು ಹಾಕಿ ಡಬ್ಬಿಗೆ ತುಂಬುತ್ತಾರೆ. ತೊಗರಿ ಹೊಲದ್ದು, ಒಡೆಸಿ ಬೇಳೆ ಮಾಡಿಸುತ್ತಾರೆ. ಕೆಂಪು ಮೆಣಸಿನಕಾಯಿ, ಹುಣಸೆಹಣ್ಣು ಒಮ್ಮೆ ತಂದರೆ ವರ್ಷ ನಡೆಯುತ್ತದೆ. ಬೆಳಿಗ್ಗೆ ರೊಟ್ಟಿ ಬಡಿದರೆ ಮಕ್ಕಳ ಡಬ್ಬಿಗೂ ಅದೇ, ಜೊತೆಗೆ ಶೇಂಗಾ ಹಿಂಡಿ. ಹೊರಗಡೆ ತಿನ್ನುವುದಿಲ್ಲ ಅಂತೇನಿಲ್ಲ, ತಿಂಗಳಿಗೆ ಒಂದೆರಡು ಸಲ ಹೋಗುತ್ತಾರೆ. ವೈನಿ ಸೇಡಂ ಕಡೆ ತವರಿಗೆ ಹೋಗುವುದು 2023ರ ಜೂನ್‌ನಿಂದ ಶಕ್ತಿ ಯೋಜನೆಯ ಬಸ್ಸಿನಲ್ಲಿ, ಟಿಕೆಟ್ ಖರ್ಚಿಲ್ಲ. ಗೃಹಜ್ಯೋತಿ ಬಂದ ಮೇಲೆ ಕರೆಂಟ್ ಬಿಲ್ ಬಹಳ ತಿಂಗಳು ಇಲ್ಲವೇ ಇಲ್ಲ. ಆದರೆ ಬೇಸಿಗೆಯಲ್ಲಿ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಬರುತ್ತದೆ, ಅದನ್ನು ಬಿಡಿ ಖರ್ಚಿನಲ್ಲೇ ತೂಗಿಸುತ್ತಾರೆ. ಏಪ್ರಿಲ್ ಮೇನಲ್ಲಿ ಇಲ್ಲಿ 42 ಡಿಗ್ರಿ ದಾಟುವುದು ಸಾಮಾನ್ಯ. ಆ ಎರಡು ತಿಂಗಳು ಕೂಲರ್ ಹಗಲು ರಾತ್ರಿ ನಡೆಯಬೇಕು, ಅದರಲ್ಲಿ ಉಳಿಸಲು ಹೋಗಬಾರದು ಅನ್ನುವುದು ವೈನಿಯ ಕಟ್ಟಪ್ಪಣೆ. ಅದು ಸರಿ ಕೂಡ. ಮೈ ಕೆಟ್ಟರೆ ಉಳಿಸಿದ್ದರ ಹತ್ತು ಪಟ್ಟು ಆಸ್ಪತ್ರೆಗೆ ಹೋಗುತ್ತದೆ.

ಅಣ್ಣನ ಲೆಕ್ಕದ ಪುಸ್ತಕವನ್ನು ಇಲ್ಲಿ ಹೇಳಲೇಬೇಕು. ಮಿಲ್‌ಗಳಲ್ಲಿ ಇರುತ್ತದಲ್ಲ, ಕೆಂಪು ಬಟ್ಟೆಯ ರಟ್ಟಿನ ಉದ್ದನೆಯ ವಹಿ, ಅದೇ. ಎಡಕ್ಕೆ ಜಮಾ, ಬಲಕ್ಕೆ ಖರ್ಚು. ದೀಪಾವಳಿ ಪಾಡ್ಯಕ್ಕೆ ಪೂಜೆ ಮಾಡಿ ಹೊಸದು ತೆರೆಯುತ್ತಾರೆ. ಅದರ ಕೊನೆಯ ಹತ್ತು ಹಾಳೆ ಆಯೇರಿಗೆ ಅಂತಲೇ ಮೀಸಲು. ಯಾರ ಮದುವೆ, ಯಾರ ಕುಬಸ, ಯಾರ ತೊಟ್ಟಿಲು, ಅವರು ನಮಗೆ ಎಷ್ಟು ಹಾಕಿದ್ದರು, ನಾವು ಎಷ್ಟು ಹಾಕಿದೆವು. ಪ್ರತಿ ಸಾಲಿನ ಮುಂದೆ ವೈನಿಯ ಕೈಬರಹದಲ್ಲಿ ಒಂದು ಸಣ್ಣ ಟಿಪ್ಪಣಿ: "ಸೀರಿ ಕೊಟ್ಟಾರ", "ಮುಂದಿನ ಸಲ ಐನೂರು ಸಾಕು". ಹಣ ಉಳಿಸುವ ಬಗ್ಗೆ ಬರೆಯುವವರು ಚಹಾ, ಸಿನಿಮಾ, ಹೋಟೆಲ್ ಅಂತ ಬರೆಯುತ್ತಾರೆ. ನಮ್ಮ ಕಡೆ ಮಧ್ಯಮ ವರ್ಗದ ಮನೆಯಲ್ಲಿ ಗೊತ್ತಾಗದೇ ಸೋರುವುದು ಆಯೇರಿಯಲ್ಲಿ. ಮೇ ತಿಂಗಳಲ್ಲಿ ವಾರಕ್ಕೆ ಮೂರು ಲಗ್ನಪತ್ರಿಕೆ ಬರುವ ಊರು ಇದು. ಇವರು ಆಯೇರಿ ನಿಲ್ಲಿಸಲಿಲ್ಲ, ಸಂಬಂಧ ಬೇಕಲ್ಲ. ಆದರೆ ವರ್ಷಕ್ಕೆ ಇಷ್ಟು ಅಂತ ಮೊದಲೇ ತೆಗೆದಿಟ್ಟರು. ಬರೀ ಇದೊಂದರಿಂದಲೇ ಕೈಗಡ ತರುವ ಪಾಳಿ ತಪ್ಪಿತು.

ದೊಡ್ಡ ಖರ್ಚಿಗೆ ಬೇಡ ಎಂದದ್ದು

ದಿನದ ಖರ್ಚಿನಲ್ಲಿ ಇವರಿಗಿಂತ ಬಿಗಿ ಹಿಡಿದವರನ್ನು ನಾನು ನೋಡಿದ್ದೇನೆ. ಆದರೂ ಅವರ ಹತ್ತಿರ ಏನೂ ಉಳಿದಿಲ್ಲ. ಇವರನ್ನು ಉಳಿಸಿದ್ದು ಎರಡು ಸಲ ಗಟ್ಟಿಯಾಗಿ ಬೇಡ ಎಂದದ್ದು.

ಮೊದಲನೆಯದು ತಂಗಿಯ ಮದುವೆ, 2016ರ ಮೇ. ಕಲ್ಯಾಣ ಮಂಟಪ, ಹತ್ತು ತೊಲ ಬಂಗಾರ, ಸಾವಿರ ಜನರ ಊಟ ಅಂತ ಹಿರಿಯರು ಪಟ್ಟಿ ಮಾಡಿದ್ದರು. ದುಡ್ಡಿಗೆ ಏನು ಮಾಡುವುದು ಅಂದರೆ, ನೂರಕ್ಕೆ ಮೂರರ ಬಡ್ಡಿಗೆ ಕೊಡುವವರಿದ್ದಾರೆ ಅಂದರು. ನೂರಕ್ಕೆ ಮೂರು ಅಂದರೆ ತಿಂಗಳಿಗೆ. ವರ್ಷಕ್ಕೆ 36. ಮೂರು ಲಕ್ಷ ತಂದರೆ ಬರೀ ಬಡ್ಡಿಯೇ ತಿಂಗಳಿಗೆ 9,000, ಆಗಿನ ಪಗಾರದ ಅರ್ಧದ ಹತ್ತಿರ. ಅಣ್ಣ ಅಪ್ಪನ ಮುಂದೆ ಕೂತು ಇದನ್ನು ಕಾಗದದ ಮೇಲೆ ಬರೆದು ತೋರಿಸಿದರು. ಆ ವರ್ಷ ದೈವ ಕೂಡ ಕೈ ಹಿಡಿಯಿತು. 2015ರಲ್ಲಿ ತೊಗರಿ ಬೆಲೆ ಎಂದೂ ಕಾಣದಷ್ಟು ಏರಿತ್ತು. ನಾಲ್ಕು ಎಕರೆಯಲ್ಲಿ ಬಂದ ತೊಗರಿ ಮಾರಿ 1.3 ಲಕ್ಷ ಬಂತು. ಅಣ್ಣನ ಆರ್‌ಡಿಯ (ತಿಂಗಳು ತಿಂಗಳು ಕಟ್ಟುವ ಠೇವಣಿ) ಒಂದು ಲಕ್ಷ ಸೇರಿಸಿ, ಊರ ಗುಡಿಯ ಮುಂದೆ ಪೆಂಡಾಲ್ ಹಾಕಿ ಲಗ್ನ ಮಾಡಿದರು. ಸಾಲ ಒಂದು ರೂಪಾಯಿ ಇಲ್ಲ. ಮರುವರ್ಷವೇ ಎಲ್ಲರೂ ತೊಗರಿ ಬಿತ್ತಿ, ಬೆಳೆ ವಿಪರೀತ ಬಂದು, ಬೆಲೆ ಬೆಂಬಲ ಬೆಲೆಗಿಂತ ಕೆಳಗೆ ಬಿತ್ತು. ಬರುವ ಬೆಳೆಯ ಮೇಲೆ ನಂಬಿ ಸಾಲ ಮಾಡಿದವರ ಗತಿ ಏನಾಯಿತು ಅಂತ ಈ ಭಾಗದವರಿಗೆ ಹೇಳಬೇಕಾಗಿಲ್ಲ.

ಎರಡನೆಯದು ಮನೆ, 2018. ರಿಂಗ್ ರೋಡ್ ಆಚೆ ಒಂದು ಪ್ಲಾಟ್ ನೋಡಿದರು. ಮನೆ ಕಟ್ಟಲು 15 ಲಕ್ಷ ಸಾಲ ಬೇಕಿತ್ತು. ಶೇ 9ರ ಬಡ್ಡಿಗೆ 20 ವರ್ಷ ಅಂದರೆ ಕಂತು 13,500. ಒಟ್ಟು ಕಟ್ಟುವುದು 32 ಲಕ್ಷದ ಮೇಲೆ. ಆಗ ಅವರು ಕೊಡುತ್ತಿದ್ದ ಬಾಡಿಗೆ 4,500. ವ್ಯತ್ಯಾಸದ 9,000ವನ್ನು ಹೂಡಿಕೆಗೆ ಹಾಕೋಣ, ಮನೆ ಆಮೇಲೆ ನೋಡೋಣ ಅಂತ ಇಬ್ಬರೂ ಕೂತು ತೀರ್ಮಾನಿಸಿದರು. ಬಾಡಿಗೆ ಮನೆಯೇ ಯಾವಾಗಲೂ ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ. ಆಗ ಪ್ಲಾಟ್ ತೆಗೆದುಕೊಂಡು ಲಾಭ ಮಾಡಿಕೊಂಡವರಿದ್ದಾರೆ. ಎನ್‌.ಎ. (ಕೃಷಿಯೇತರ ಜಮೀನು) ಆಗದ ಹೊಲದಲ್ಲಿ ಪ್ಲಾಟ್ ತೆಗೆದುಕೊಂಡು ಖಾತೆಗಾಗಿ ಅಲೆಯುತ್ತಿರುವವರೂ ಇದ್ದಾರೆ. ಇವರ ಮಟ್ಟಿಗೆ ಮುಖ್ಯವಾದದ್ದು ಒಂದೇ. 13,500 ಕಂತು ಇದ್ದಿದ್ದರೆ ಇವತ್ತು ಮಿಲ್ ಬಿಡುವ ಮಾತೇ ಬರುತ್ತಿರಲಿಲ್ಲ. ಸ್ವಂತ ಮನೆ ಇಲ್ಲ ಅಂತ ವೈನಿಗೆ ಎಷ್ಟು ಜನರ ಮುಂದೆ ಕೇಳಬೇಕಾಯಿತು ಅನ್ನುವುದು ನನಗೆ ಗೊತ್ತು. ಈ ಲೆಕ್ಕದಲ್ಲಿ ಅವರು ಕೊಟ್ಟ ಬೆಲೆ ಅದು, ಅದನ್ನು ಸಣ್ಣದು ಅನ್ನಬಾರದು.

ಹಣ ಎಲ್ಲಿ ಇಟ್ಟರು

ಮೊದಲ ಮೂರು ವರ್ಷ ಪಿಗ್ಮಿ ಮತ್ತು ಆರ್‌ಡಿ, ಅಷ್ಟೇ. ಸಂಬಂಧಿಕರೊಬ್ಬರು 2011ರಲ್ಲಿ ಒಂದು ವಿಮಾ ಪಾಲಿಸಿ ಮಾಡಿಸಿದ್ದರು. ವರ್ಷಕ್ಕೆ 12,000 ಕಂತು, ಜೀವಕ್ಕೆ ಏನಾದರೂ ಆದರೆ ಬರುವುದು 2.5 ಲಕ್ಷ. ಅಣ್ಣ ಲೆಕ್ಕ ಹಾಕಿ ನೋಡಿದರೆ ಕೊನೆಗೆ ಕೈಗೆ ಬರುವುದು ಶೇ 5-6 ಮಾತ್ರ. ಅದನ್ನು ಪೇಯ್ಡ್ ಅಪ್ ಮಾಡಿ (ಪಾಲಿಸಿ ಇಟ್ಟುಕೊಂಡು ಮುಂದಿನ ಕಂತು ಕಟ್ಟದೆ) ನಿಲ್ಲಿಸಿದರು, ಜೀವಕ್ಕೆ ಏನಾದರೂ ಆದರೆ ಮಾತ್ರ ಹಣ ಕೊಡುವ 50 ಲಕ್ಷದ ಟರ್ಮ್ ವಿಮೆ ತೆಗೆದುಕೊಂಡರು. ವಿಮೆ ಬೇರೆ, ಉಳಿತಾಯ ಬೇರೆ. ಇಷ್ಟು ತಿಳಿದರೆ ಅರ್ಧ ದಾರಿ ಸಾಗಿದಂತೆ.

2013ರಲ್ಲಿ ಪಿಪಿಎಫ್ (ಸರ್ಕಾರದ ದೀರ್ಘಾವಧಿ ಉಳಿತಾಯ ಯೋಜನೆ) ಖಾತೆ, ತಿಂಗಳಿಗೆ 2,000, ಆಮೇಲೆ 5,000. ಪ್ರತಿ ತಿಂಗಳು 5ನೇ ತಾರೀಖಿನೊಳಗೆ ಕಟ್ಟುತ್ತಾರೆ, ಯಾಕೆಂದರೆ ಬಡ್ಡಿ ಲೆಕ್ಕ ಹಾಕುವುದು 5ರಿಂದ ತಿಂಗಳ ಕೊನೆಯವರೆಗಿನ ಅತಿ ಕಡಿಮೆ ಮೊತ್ತದ ಮೇಲೆ. ಬಡ್ಡಿ 2020ರ ಏಪ್ರಿಲ್‌ನಿಂದ ಶೇ 7.1ರಲ್ಲೇ ನಿಂತಿದೆ. ಈಗ ಅದರಲ್ಲಿ ಸುಮಾರು 8.5 ಲಕ್ಷ ಇದೆ, 2029ರ ಏಪ್ರಿಲ್‌ಗೆ 15 ವರ್ಷದ ಗಡುವು ಮುಗಿಯುತ್ತದೆ. ಮಗಳ ಹೆಸರಿನ ಸುಕನ್ಯಾ ಸಮೃದ್ಧಿಯಲ್ಲಿ ಮೂರೂವರೆ ಲಕ್ಷ ಇದೆ, ಅದು ಅವಳದ್ದು, ಈ ಲೆಕ್ಕದಲ್ಲಿ ಸೇರಿಸಿಲ್ಲ. ಎರಡು ಬ್ಯಾಂಕಿನಲ್ಲಿ ಸೇರಿ 4 ಲಕ್ಷ ಠೇವಣಿ.

ಉಳಿದದ್ದು ನಿಫ್ಟಿ 50 ಸೂಚ್ಯಂಕದ ಮ್ಯೂಚುವಲ್ ಫಂಡ್, ಡೈರೆಕ್ಟ್ ಪ್ಲಾನ್. 2014ರಲ್ಲಿ 3,000ದಿಂದ ಶುರು, ಜಿಎಸ್‌ಟಿ ಕೆಲಸ ಬಂದ ಮೇಲೆ 8,000, 2020ರ ನಂತರ 15,000. ಯಾವ ಷೇರು ಏರುತ್ತದೆ ಅಂತ ತಲೆ ಕೆಡಿಸಿಕೊಳ್ಳಲಿಲ್ಲ. ದೊಡ್ಡ 50 ಕಂಪನಿಗಳ ಚೂರು ಚೂರು ಪಾಲು, ಖರ್ಚು ಕಡಿಮೆ, ಮಧ್ಯವರ್ತಿಗೆ ಕಮಿಷನ್ ಇಲ್ಲ. ಹಾಕಿದ್ದು 13 ಲಕ್ಷ, ಈಗ 22 ಲಕ್ಷದ ಆಸುಪಾಸು.

ಹೇಳುವಾಗ ಸಲೀಸು ಅನಿಸುತ್ತದೆ. 2020ರ ಮಾರ್ಚ್ 23ರಂದು ಒಂದೇ ದಿನ ಮಾರುಕಟ್ಟೆ ಶೇ 13 ಬಿತ್ತು, ನಿಫ್ಟಿ 7,610ಕ್ಕೆ ಬಂತು. ಅಲ್ಲಿಯವರೆಗೆ ಇವರು ಹಾಕಿದ್ದು ಸುಮಾರು 4 ಲಕ್ಷ, ಮೊಬೈಲ್‌ನಲ್ಲಿ ಕಂಡದ್ದು 3.2 ಲಕ್ಷ. ಆರು ವರ್ಷ ಹೊಟ್ಟೆ ಬಟ್ಟೆ ಕಟ್ಟಿ ಹಾಕಿದ್ದು, ಬಡ್ಡಿ ಇರಲಿ, ಅಸಲೇ ಇಲ್ಲ. ಎರಡು ದಿನಕ್ಕೆ ಲಾಕ್‌ಡೌನ್. ಮಿಲ್ ಬಂದ್, ಮೂರು ತಿಂಗಳು ಅರ್ಧ ಪಗಾರ. ಹೊಲಿಗೆಯೂ ನಿಂತಿತು, ಲಗ್ನಗಳೇ ಇರಲಿಲ್ಲವಲ್ಲ. ಆಗ ಇವರನ್ನು ಕಾಪಾಡಿದ್ದು ಬ್ಯಾಂಕಿನಲ್ಲಿದ್ದ 1.2 ಲಕ್ಷ ಠೇವಣಿ. ಅದರಿಂದ ಮನೆ ನಡೆಯಿತು. ಫಂಡ್‌ಗೆ ಪ್ರತಿ ತಿಂಗಳು ಹಾಕುವ ಎಸ್‌ಐಪಿ ಮೂರು ತಿಂಗಳು ನಿಲ್ಲಿಸಿದರು, ಆದರೆ ಒಂದು ಯೂನಿಟ್ ಕೂಡ ಮಾರಲಿಲ್ಲ. ಠೇವಣಿಯಲ್ಲಿ ಬಡ್ಡಿ ಕಡಿಮೆ, ಎಲ್ಲ ತೆಗೆದು ಫಂಡ್‌ಗೆ ಹಾಕಿ ಅಂತ ಹೇಳುವವರು ಈ ಒಂದು ವರ್ಷವನ್ನು ನೆನಪಿಟ್ಟುಕೊಳ್ಳಬೇಕು. ಆ ಠೇವಣಿ ಇಲ್ಲದಿದ್ದರೆ ಅಣ್ಣ ಅದೇ ವಾರ ನಷ್ಟಕ್ಕೆ ಮಾರಬೇಕಾಗುತ್ತಿತ್ತು.

ಮಗನಿಗೆ ಡೆಂಗಿ ಬಂದು ಖಾಸಗಿ ಆಸ್ಪತ್ರೆಯಲ್ಲಿ ಐದು ದಿನಕ್ಕೆ 48,000 ಬಿಲ್ ಆದ ಮೇಲೆ ಮನೆಮಂದಿಗೆಲ್ಲ ಸೇರಿ 5 ಲಕ್ಷದ ಆರೋಗ್ಯ ವಿಮೆ ಮಾಡಿಸಿದರು. 2025ರ ಸೆಪ್ಟೆಂಬರ್ 22ರಿಂದ ಇಂಥ ವಿಮೆಯ ಮೇಲಿನ ಶೇ 18 ಜಿಎಸ್‌ಟಿ ತೆಗೆದದ್ದರಿಂದ ಕಂತು ಸ್ವಲ್ಪ ಹಗುರಾಗಿದೆ.

ಮಿಲ್ ಬಿಟ್ಟದ್ದು ಯಾಕೆ

ತೊಗರಿ ವ್ಯಾಪಾರ ಈಗ ಮೊದಲಿನ ಹಾಗಿಲ್ಲ. ಆಫ್ರಿಕಾದ ಮೊಜಾಂಬಿಕ್‌ನಿಂದ, ಮ್ಯಾನ್ಮಾರ್‌ನಿಂದ ಸುಂಕವಿಲ್ಲದೆ ತೊಗರಿ ಬರುತ್ತದೆ. 2022ರ ಹಂಗಾಮಿನಲ್ಲಿ ನೆಟೆ ರೋಗ ಬಂದು ಜಿಲ್ಲೆಯ ಬೆಳೆ ನೆಲ ಕಚ್ಚಿತು. ಮಿಲ್‌ಗಳಿಗೆ ಮಾಲು ಸಿಗದೆ, ಸಿಕ್ಕರೆ ದರ ಹೊಂದದೆ, ಪಗಾರ ತಡವಾಗಲು ಶುರುವಾಯಿತು.

2023ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ತೊಗರಿ ಮತ್ತು ಉದ್ದಿನ ದಾಸ್ತಾನಿಗೆ ಮಿತಿ ಹಾಕಿತು. ಎಷ್ಟು ಮಾಲಿದೆ ಅಂತ ಪೋರ್ಟಲ್‌ನಲ್ಲಿ ತೋರಿಸಬೇಕು. ಮಾಲೀಕರು ಅಣ್ಣನನ್ನು ಕರೆದು, ಗೋದಾಮಿನಲ್ಲಿ ಇರುವುದಕ್ಕಿಂತ ಕಡಿಮೆ ಬರೆಯಲು ಹೇಳಿದರು. ಅಣ್ಣ ಒಪ್ಪಲಿಲ್ಲ. "ಇದ್ದಷ್ಟೇ ಬರಿತೀನ್ರಿ. ಬ್ಯಾಡ ಅಂದ್ರ ಬ್ಯಾರೆಯವ್ರನ್ನ ನೋಡ್ಕೋರಿ" ಅಂದರಂತೆ. ಹಿಂದಿನ ವರ್ಷಗಳಲ್ಲಿ ಈ ಮಾತು ಬಾಯಿಂದ ಬರುತ್ತಿತ್ತಾ ಅಂತ ಕೇಳಿದೆ. "ಇಲ್ಲ. ಆಗ ಮುಂದಿನ ತಿಂಗಳ ಬಾಡಿಗಿ ಕಣ್ಮುಂದ ಬರ್ತಿತ್ತು" ಅಂದರು. ಆ ಸಲ ಮಾಲೀಕರು ಸುಮ್ಮನಾದರು. ಆದರೆ ಅವತ್ತಿನಿಂದ ಸೀಸನ್‌ನಲ್ಲಿ ರಾತ್ರಿ ಹತ್ತರವರೆಗೆ ಕೂರಿಸುವುದು, ಸಣ್ಣದಕ್ಕೂ ಕೂಗುವುದು ಜಾಸ್ತಿ ಆಯಿತು. ಹಣ ಕೂಡಿಸಿದ್ದರ ನಿಜವಾದ ಉಪಯೋಗ ಇಲ್ಲಿದೆ ಅಂತ ನನಗೆ ಅನಿಸುತ್ತದೆ. ಕೆಲಸ ಬಿಡುವುದಕ್ಕೆ ಎರಡು ವರ್ಷ ಮೊದಲೇ ಆ ಹಣ ಒಂದು ಸುಳ್ಳು ಲೆಕ್ಕಕ್ಕೆ ಕೈ ಹಚ್ಚದಂತೆ ಅವರನ್ನು ತಡೆದು ನಿಲ್ಲಿಸಿತು.

ಲೆಕ್ಕ

ವರ್ಷದ ಖರ್ಚಿನ 25 ಪಟ್ಟು ಅನ್ನುವುದು ಅಮೆರಿಕದ ವಿಲಿಯಂ ಬೆಂಗನ್ 1994ರಲ್ಲಿ ಮಾಡಿದ ಅಧ್ಯಯನದಿಂದ ಬಂದದ್ದು. ಕೂಡಿಸಿದ್ದರಲ್ಲಿ ಮೊದಲ ವರ್ಷ ಶೇ 4 ತೆಗೆದು, ಮುಂದೆ ಬೆಲೆ ಏರಿದಷ್ಟು ಏರಿಸುತ್ತಾ ಹೋದರೆ 30 ವರ್ಷ ಹಣ ಸಾಲುತ್ತದೆ ಅನ್ನುವುದು ಅದರ ಸಾರ. ಅದು ಅಲ್ಲಿನ ಷೇರು, ಅಲ್ಲಿನ ಬಾಂಡ್, ಅಲ್ಲಿನ ಬೆಲೆಏರಿಕೆಯ ಲೆಕ್ಕ. ಇಲ್ಲಿ ಬೆಲೆ ಜಾಸ್ತಿ ವೇಗದಲ್ಲಿ ಏರುತ್ತದೆ, 44ಕ್ಕೆ ಬಿಟ್ಟರೆ ಮುಂದೆ 40 ವರ್ಷವಾದರೂ ನಡೆಯಬೇಕು. ಅದಕ್ಕೇ 30 ಪಟ್ಟು ಹಿಡಿದೆವು.

ತಿಂಗಳಿಗೆ 38,000 ಅಂದರೆ ವರ್ಷಕ್ಕೆ 4.56 ಲಕ್ಷ. 30 ಪಟ್ಟು ಅಂದರೆ 1.37 ಕೋಟಿ. ಇರುವುದು 34.5 ಲಕ್ಷ. ಹಾಗೆ ನೋಡಿದರೆ ಕಾಲು ಭಾಗ ದಾರಿ ಮಾತ್ರ ಸಾಗಿದೆ.

ಈಗ ತಿರುಗಿಸಿ ನೋಡಿ. ಜಿಎಸ್‌ಟಿ ಕೆಲಸದ 18,000, ಹೊಲಿಗೆಯ 12,000, ಎರಡೂ ಮಿಲ್ ಬಿಟ್ಟರೂ ಇರುತ್ತವೆ. ಒಟ್ಟು 30,000. ಕಡಿಮೆ ಬೀಳುವುದು 8,000. ವರ್ಷಕ್ಕೆ 96,000. ಅದರ 30 ಪಟ್ಟು 28.8 ಲಕ್ಷ. ಕೈಯಲ್ಲಿರುವುದು ಅದಕ್ಕಿಂತ ಆರು ಲಕ್ಷ ಹತ್ತಿರ ಜಾಸ್ತಿ. ಫಂಡ್‌ನಿಂದ ತೆಗೆದರೆ ತೆರಿಗೆ ಬೀಳುತ್ತದಾ ಅಂತ ನೋಡಿದೆವು. ವರ್ಷಕ್ಕೆ 1.25 ಲಕ್ಷದವರೆಗಿನ ದೀರ್ಘಾವಧಿ ಲಾಭಕ್ಕೆ ತೆರಿಗೆ ಇಲ್ಲ, ಇವರು ತೆಗೆಯುವುದರಲ್ಲಿ ಲಾಭದ ಭಾಗ ಅಷ್ಟು ಬರುವುದೇ ಇಲ್ಲ. ಈ ಹಾಳೆಯನ್ನು ವೈನಿ ಎರಡು ಸಲ ಓದಿ, "ಹಂಗಾದ್ರ ಬಿಡ್ರಿ" ಅಂದರು.

ನನ್ನ ತಕರಾರು

ಇದು ಮಾಲೀಕನಿಂದ ಸ್ವಾತಂತ್ರ್ಯ, ದುಡಿಮೆಯಿಂದ ಅಲ್ಲ. ಇದನ್ನು ಮರೆತರೆ ಕೆಡುಕು. ಬೆಲೆ ವರ್ಷಕ್ಕೆ ಶೇ 6 ಏರಿದರೆ 12 ವರ್ಷಕ್ಕೆ ಖರ್ಚು ಇಮ್ಮಡಿ ಆಗುತ್ತದೆ. ಹೂಡಿಕೆ ಒಟ್ಟಾರೆ ಶೇ 9 ಬೆಳೆಯುತ್ತದೆ, ಪ್ರತಿ ವರ್ಷ 96,000 ಬೆಲೆಏರಿಕೆಗೆ ತಕ್ಕಂತೆ ಏರಿಸಿ ತೆಗೆಯುತ್ತಾರೆ ಅಂತ ಇಟ್ಟುಕೊಂಡು ಲೆಕ್ಕ ಹಾಕಿದೆ. ಅಣ್ಣನಿಗೆ 59 ಆಗುವ ಹೊತ್ತಿಗೆ ಉಳಿಯುವುದು ಸುಮಾರು 86 ಲಕ್ಷ. ಕೇಳಲು ದೊಡ್ಡದು. ಆದರೆ ಆಗಿನ ಖರ್ಚು, ಮಕ್ಕಳ ಫೀಸು ತೆಗೆದರೂ, ವರ್ಷಕ್ಕೆ ಒಂಬತ್ತು ಲಕ್ಷ ದಾಟುತ್ತದೆ. ಅಂದರೆ ಒಂಬತ್ತೋ ಹತ್ತೋ ವರ್ಷದ ಖರ್ಚು ಮಾತ್ರ. ಹೊಲಿಯುವ ವೈನಿಯ ಕಣ್ಣು, ಭುಜ ಅಲ್ಲಿಯವರೆಗೆ ಹೀಗೇ ಇರುತ್ತವೆ ಅಂತ ಯಾರು ಹೇಳಬೇಕು?

ಹಾಗಾಗಿ ನಾನು ಹೇಳಿದ್ದು ಇಷ್ಟು. ಎರಡು ವರ್ಷದೊಳಗೆ ಅಂಗಡಿಗಳನ್ನು 22ರಿಂದ 32ಕ್ಕೆ ಒಯ್ಯಿರಿ, ಕಡಿಮೆ ಬೀಳುವ 8,000 ತುಂಬಲಿ, ಮೂಲ ಹಣ ಮುಟ್ಟಬೇಡಿ. ಆಮೇಲೆ ತಿಂಗಳಿಗೆ 10,000 ಮತ್ತೆ ಹಾಕಲು ಶುರು ಮಾಡಿ. ಹೀಗೆ ಮಾಡಿದರೆ ಅದೇ 59ಕ್ಕೆ ಒಂದೂವರೆ ಕೋಟಿ ಆಗುತ್ತದೆ. ಊರಿನ ಮನೆಗೆ ಹೋಗಿ ಇದ್ದರೆ ಬಾಡಿಗೆ ಉಳಿದು, ಅದು ಆಗಿನ ಖರ್ಚಿನ 20 ಪಟ್ಟು ದಾಟುತ್ತದೆ, ಜೊತೆಗೆ ಹೊಲದ ಲಾವಣಿ (ಗುತ್ತಿಗೆ ಹಣ) ಇರುತ್ತದೆ. ಆಗ ಅದನ್ನು ಪೂರ್ತಿ ಸ್ವಾತಂತ್ರ್ಯ ಅನ್ನಬಹುದು. ಶೇ 9 ಖಾತ್ರಿ ಏನಲ್ಲ. 2020ರಂಥದ್ದು ಮತ್ತೆ ಬಂದೇ ಬರುತ್ತದೆ. ಅದಕ್ಕೇ ಮೂಲ ಹಣವನ್ನು ಮುಟ್ಟದೇ ಬಿಡುವ ಹಟ ಬೇಕು.

ಇನ್ನೊಂದು ಮಗಳ ಓದು. ಅವಳಿಗೆ 13. ಹತ್ತನೇ ತರಗತಿ ಆದ ಮೇಲೆ ಓದಿಗಾಗಿ ಸುಕನ್ಯಾ ಖಾತೆಯಿಂದ ಅರ್ಧದವರೆಗೆ ತೆಗೆಯಬಹುದು. ಇಂಜಿನಿಯರಿಂಗ್ ಅಂತ ಹೊರಟರೆ ಅದು ಸಾಲದು. ಆ ಪ್ರಶ್ನೆಗೆ ಈ ಮನೆಯಲ್ಲಿ ಇನ್ನೂ ಉತ್ತರ ಇಲ್ಲ.

ಈಗ ಹೇಗಿದೆ

ಮಿಲ್ ಬಿಟ್ಟ ಮೇಲೆ ಎಸ್‌ಐಪಿ ನಿಲ್ಲಿಸಿದ್ದಾರೆ. ಪಿಪಿಎಫ್ ಖಾತೆ ಜೀವಂತ ಇರಲು ವರ್ಷಕ್ಕೆ 500 ಸಾಕು, ಅಷ್ಟು ಕಟ್ಟುತ್ತಾರೆ. 2025ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ದರಗಳು ಬದಲಾದಾಗ ಅಂಗಡಿಗಳ ಬಿಲ್ಲಿಂಗ್ ಸರಿಪಡಿಸಲು ಅಣ್ಣನಿಗೆ ಕೈತುಂಬ ಕೆಲಸ ಬಂತು, ಹಾಗೆ ಬಂದವರಲ್ಲಿ ನಾಲ್ಕು ಹೊಸ ಅಂಗಡಿಯವರು ತಿಂಗಳ ಲೆಕ್ಕವನ್ನೂ ಇವರಿಗೇ ಕೊಟ್ಟರು. ಸಂಜೆ ಮಕ್ಕಳ ಗಣಿತ ಈಗ ಅಣ್ಣನೇ ನೋಡುತ್ತಾರೆ, ಟ್ಯೂಷನ್ ಬಿಡಿಸಿದ್ದಾರೆ.

ವೈನಿ ಒಂದು ಶರತ್ತು ಹಾಕಿದ್ದಾರೆ. 2027ರ ಮಾರ್ಚ್ ಹೊತ್ತಿಗೆ ಆ 8,000 ತುಂಬದಿದ್ದರೆ, ತೊಗರಿ ಗಂಜ್‌ಗೆ ಬರುವ ಜನವರಿಯಿಂದ ಮೂರು ತಿಂಗಳು ಬೇರೆ ಯಾವುದಾದರೂ ಮಿಲ್‌ನಲ್ಲಿ ಹಗಲು ಹೊತ್ತು ಮಾತ್ರ ಲೆಕ್ಕ ಬರೆಯಬೇಕು. ಅಣ್ಣ ಒಪ್ಪಿದ್ದಾರೆ. ಇಬ್ಬರು ಮಿಲ್‌ನವರು ಈಗಾಗಲೇ ಕೇಳಿದ್ದಾರೆ. ಸಂಜೆ ಆರರ ಮೇಲೆ ಕೂರುವುದಿಲ್ಲ, ದಾಸ್ತಾನು ಇದ್ದಷ್ಟೇ ಬರೆಯುತ್ತೇನೆ ಅಂತ ಅಣ್ಣ ಅವರಿಗೆ ಮೊದಲೇ ಹೇಳಿಟ್ಟಿದ್ದಾರೆ.